ನೆಲ ಏರುಪೇರಾಗಿದ್ರೆ ಇಲ್ಲಿ ಕೇಳಿ, ನಮ್ಮ ಕಾಂಟ್ರಾಕ್ಟರ್ ಉತ್ತರ ಕೊಡ್ತಾರೆ

ಅಡ್ಮಿನ್: ಕಾಂಕ್ರೀಟ್ ನೆಲದ ತಗ್ಗು, ಉಬ್ಬು, ಬಿರುಕಿನ ಬಗ್ಗೆ ಏನಿದ್ರೂ ಕೇಳಿ. ಸರ್ ಬಿಡುವು ಮಾಡ್ಕೊಂಡು ಬಂದಿದಾರೆ.

ಸದಸ್ಯ 1: ನಮಸ್ತೆ ಸರ್, ಹಾಲ್ ಮಧ್ಯೆ ತಗ್ಗಿದೆ, ಒರೆಸಿದ ನೀರು ಅಲ್ಲೇ ನಿಲ್ಲುತ್ತೆ. ಸೆಲ್ಫ್ ಲೆವೆಲಿಂಗ್, ಅಂದ್ರೆ ನೀರಲ್ಲಿ ಕಲಸಿ ಸುರಿದ್ರೆ ತಾನೇ ಹರಡಿ ಸಮ ಆಗೋ ಸಿಮೆಂಟ್ ಮಿಶ್ರಣ, ಹಾಕಬಹುದಾ?

ಕಾಂಟ್ರಾಕ್ಟರ್: ನಮಸ್ತೆ. ಹಾಕಬಹುದು. 2 ಮೀಟರ್ ಉದ್ದದ ನೇರ ಅಲ್ಯೂಮಿನಿಯಂ ಪಟ್ಟಿ ಇಟ್ಟು ಕೆಳಗೆ ಎಷ್ಟು ಸಂದಿದೆ ಅಳೀರಿ, ತಗ್ಗಿನ ಸುತ್ತ ಚಾಕ್‌ಪೀಸಲ್ಲಿ ಗೆರೆ ಹಾಕಿ. ಹಳೆ ಪೇಂಟು, ಎಣ್ಣೆ ಜಿಡ್ಡು, ಉದುರೋ ಪುಡಿ ಎಲ್ಲ ಕೆರೆದು ಪ್ರೈಮರ್ (ಹೊಸ ಪದರ ಹಿಡಿಯೋಕೆ ಮೊದಲು ಬಳಿಯೋ ದ್ರವ) ಹಾಕಿ, ಒಣಗಿದ ಮೇಲೆ ಸುರೀರಿ. ನೀರು ಚೀಲದ ಮೇಲೆ ಬರೆದಷ್ಟೇ.

ಸದಸ್ಯ 2: ಪ್ರೈಮರ್ ಬಿಟ್ರೆ ನಡೆಯಲ್ವಾ ಸರ್?

ಕಾಂಟ್ರಾಕ್ಟರ್: ನಡೆಯಲ್ಲ. ಹಳೆ ಕಾಂಕ್ರೀಟ್ ನೀರು ಹೀರ್ಕೊಂಡುಬಿಡುತ್ತೆ, ಸೂಜಿ ತೂತು ಬೀಳುತ್ತೆ, ಆಮೇಲೆ ಪದರ ಏಳುತ್ತೆ.

ಸದಸ್ಯ 3: ಸರ್ ನಮ್ದು ಗ್ರೌಂಡ್ ಫ್ಲೋರ್. ರೂಮಿನ ನೆಲ ಬಾತ್‌ರೂಮ್ ಗೋಡೆ ಕಡೆ ಇಳೀತಾ ಇದೆ, ಮೂರು ತಿಂಗಳ ಹಿಂದೆ ಸ್ಕರ್ಟಿಂಗ್ (ಗೋಡೆ ಬುಡದ ಪಟ್ಟಿ) ಕೆಳಗೆ ನಾಣ್ಯ ಹೋಗ್ತಿತ್ತು, ಈಗ ಕಿರುಬೆರಳು ಹೋಗುತ್ತೆ. ಮೇಲೆ ಲೆವೆಲಿಂಗ್ ಸುರಿದು ಮುಚ್ಚಿಬಿಡೋಣ ಅಂತಿದಾರೆ ಮನೇಲಿ.

ಕಾಂಟ್ರಾಕ್ಟರ್: ಮೇಡಂ, ದಯವಿಟ್ಟು ಏನೂ ಸುರೀಬೇಡಿ. ತಗ್ಗಾಗಿರೋ ನೆಲ ಬೇರೆ, ತಗ್ಗಾಗ್ತಾನೇ ಇರೋ ನೆಲ ಬೇರೆ, ನಿಮ್ದು ಎರಡನೇದು. ಬಾತ್‌ರೂಮ್ ಕಡೆಗೇ ಇಳೀತಿದೆ ಅಂದ್ರೆ ನನಗೆ ಮೊದಲು ಅನುಮಾನ ಬರೋದು ಪೈಪ್ ಲೀಕಾಗಿ ಕೆಳಗಿನ ಮಣ್ಣು ಕೊಚ್ಚಿ ಹೋಗ್ತಿದೆ ಅಂತ. ಸುತ್ತಿಗೆ ಹಿಡಿಯಿಂದ ನಾಲ್ಕು ಬೆರಳಿಗೊಂದು ಸಲ ತಟ್ಟುತ್ತಾ ಹೋಗಿ, ಗಟ್ಟಿ ಜಾಗದಲ್ಲಿ ಟಣ್ ಅನ್ನುತ್ತೆ, ಟೊಳ್ಳಿರೋ ಕಡೆ ಡಬ್ ಡಬ್ ಅನ್ನುತ್ತೆ, ಆ ಜಾಗಕ್ಕೆ ಗುರುತು ಹಾಕಿ ಅಲ್ಲಿಂದ ಬೀರು ಮಂಚ ಏನಿದ್ರೂ ತೆಗೀರಿ. 10 ಎಂಎಂ ದಪ್ಪ ಸುರಿದ್ರೆ ಒಂದು ಚದರ ಮೀಟರಿಗೆ ಸುಮಾರು 20 ಕೆಜಿ, 3 ಮೀಟರ್‌ಗೆ 3 ಮೀಟರ್ ರೂಮಿಗೆ 180 ಕೆಜಿ, ಕೆಳಗೆ ಮಣ್ಣೇ ಇಲ್ಲದ ನೆಲದ ಮೇಲೆ ಅಷ್ಟು ಭಾರ ಹೇರಿದ ಹಾಗಾಗುತ್ತೆ. ಬಿರುಕಿನ ಆಚೆ ಈಚೆ ಪೆನ್ಸಿಲಲ್ಲಿ ಚುಕ್ಕೆ ಇಟ್ಟು ಅಂತರ, ತಾರೀಖು ಬರೆದಿಡಿ. ಇವತ್ತು ರಾತ್ರಿ ಎಲ್ಲಾ ನಲ್ಲಿ ಮುಚ್ಚಿ ಮೀಟರ್ ನೋಡಿ. ಮೀಟರ್ ನಿಂತಿದ್ರೂ ಡ್ರೈನ್ ಪೈಪ್ ಸೋರ್ತಿರಬಹುದು, ಅದು ಮೀಟರಲ್ಲಿ ಕಾಣಲ್ಲ. ಗೋಡೇಲೂ ಬಿರುಕಿದೆಯಾ? ಬಾಗಿಲು ಹಿಡೀತಿದೆಯಾ?

ಸದಸ್ಯ 4: ಪ್ರೈಮರ್ ಕಡ್ಡಾಯನಾ ಸರ್?

ಕಾಂಟ್ರಾಕ್ಟರ್: ಮೇಲೆ ಓದಿ.

ಸದಸ್ಯ 5: ಎಪಾಕ್ಸಿ ಹಾಕಿರೋ ನೆಲದ ಮೇಲೆ ಲೆವೆಲಿಂಗ್ ಹಿಡಿಯುತ್ತಾ?

ಸದಸ್ಯ 6: ಫಾರ್ವರ್ಡ್ ಬಂದಿತ್ತು, ಆಸಿಡ್‌ಗೆ ಬ್ಲೀಚ್ ಬೆರೆಸಿ ನೆಲ ತೊಳೆದು ಮೇಲೆ ಪಿಒಪಿಗೆ ಗಮ್ ಕಲಸಿ ಎಳೆದ್ರೆ ಗಾಜಿನ ಥರ ಆಗುತ್ತಂತೆ.

ಕಾಂಟ್ರಾಕ್ಟರ್: ಅದನ್ನ ಡಿಲೀಟ್ ಮಾಡಿ, ಇನ್ನೊಬ್ರಿಗೆ ಕಳಿಸಬೇಡಿ. ಆಸಿಡ್, ಬ್ಲೀಚ್ ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರುತ್ತೆ, ಮುಚ್ಚಿದ ರೂಮಲ್ಲಿ ಜೀವಕ್ಕೇ ಅಪಾಯ. ಪಿಒಪಿ ನೀರು ಬಿದ್ದ ಕಡೆ ಮೆತ್ತಗಾಗಿ ಎದ್ದು ಬರುತ್ತೆ, ಅದು ನೆಲಕ್ಕಲ್ಲ. ಬರೆದವರು ಒಂದು ದಿನ ನೆಲ ಕೆರೆದಿಲ್ಲ.

ಸದಸ್ಯ 7: ಇದೆಲ್ಲ ದುಡ್ಡು ಮಾಡೋ ದಾರಿ. ನೀರು ಜಾಸ್ತಿ ಹಾಕಿ ಸಿಮೆಂಟ್ ಗಂಜಿ ಸುರಿದ್ರೆ ತಾನೇ ಹರಡುತ್ತೆ, ನಾವು ಮಾಡಿಸಿದೀವಿ.

ಸದಸ್ಯ 8: ಎಷ್ಟು ವರ್ಷ ಬಂತು ಹೇಳಿ? ನಮ್ಮ ಮನೇಲೂ ಹಾಗೇ ಮಾಡಿದ್ರು, ಆರೇ ತಿಂಗಳಿಗೆ ಚಕ್ಕೆ ಚಕ್ಕೆಯಾಗಿ ಎದ್ದು ಮಗು ಕಾಲು ಕುಯ್ದುಕೊಂಡ್ತು.

ಸದಸ್ಯ 7: ನಿಮ್ಮ ಮೇಸ್ತ್ರಿ ಸರಿ ಇಲ್ಲ ಅಷ್ಟೇ.

ಸದಸ್ಯ 8: ಮೇಸ್ತ್ರಿ ನಮ್ಮ ಮಾವನೇ ರೀ, ನೋಡಿ ಮಾತಾಡಿ.

ಸದಸ್ಯ 7: ಹಾಗಾದ್ರೆ ನಾನೇನೂ ಹೇಳಲ್ಲ ಬಿಡಿ.

ಕಾಂಟ್ರಾಕ್ಟರ್: ಇಬ್ರೂ ನಿಲ್ಲಿಸಿ. ತಪ್ಪು ಮೇಸ್ತ್ರಿದಲ್ಲ, ನೀರಿಂದು. ನೀರು ಜಾಸ್ತಿಯಾದ್ರೆ ಸಿಮೆಂಟ್ ಕುಗ್ಗುತ್ತೆ, ಮೇಲ್ಪದರ ಪುಡಿಯಾಗುತ್ತೆ.

ಸದಸ್ಯ 9: ಉಬ್ಬಿದ ಕಡೆ ಗ್ರೈಂಡರ್ ಹಿಡೀಬಹುದಾ?

ಕಾಂಟ್ರಾಕ್ಟರ್: ಹಿಡೀರಿ, ಡೈಮಂಡ್ ಕಪ್ ವೀಲ್ ಹಾಕಿ. ಆ ಧೂಳಲ್ಲಿ ಸಿಲಿಕಾ ಇರುತ್ತೆ, ಶ್ವಾಸಕೋಶಕ್ಕೆ ಹೋದ್ರೆ ವಾಪಸ್ ಬರಲ್ಲ, ಎನ್95 ಇಲ್ಲದೆ ಮುಟ್ಟಬೇಡಿ. ಕರ್ಚೀಫ್ ಕಟ್ಕೊಂಡ್ರೆ ಸಾಲಲ್ಲ.

ಸದಸ್ಯ 10: ನೆಲ ಒದ್ದೆ ಇದೆಯಾ ಅಂತ ಹೇಗೆ ತಿಳ್ಕೊಳ್ಳೋದು?

ಕಾಂಟ್ರಾಕ್ಟರ್: ಪ್ಲಾಸ್ಟಿಕ್ ಹಾಳೆ ಹಾಸಿ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ದಿನ ಬಿಡಿ. ಅಡಿಯಲ್ಲಿ ಹನಿಗಟ್ಟಿದ್ರೆ ಒದ್ದೆ ಇದೆ.

ಸದಸ್ಯ 2: ಪ್ರೈಮರ್ ಬದಲು ಗಮ್ ನೀರು ಹಾಕಬಹುದಾ?

ಸದಸ್ಯ 8: ಇವರು ಓದೋದೇ ಇಲ್ಲ.

ಸದಸ್ಯ 3: ಸರ್, ನಲ್ಲಿ ಎಲ್ಲ ಮುಚ್ಚಿದೀವಿ, ಮೀಟರ್ ಮುಳ್ಳು ನಿಧಾನಕ್ಕೆ ತಿರುಗ್ತಾನೇ ಇದೆ. ಗೋಡೇಲಿ ಬಿರುಕಿಲ್ಲ, ಆದ್ರೆ ಬಾಗಿಲು ಕೆಳಗೆ ಉಜ್ಜುತ್ತೆ. ಮಂಚದ ಕೆಳಗೆಲ್ಲ ಡಬ್ ಡಬ್ ಸದ್ದು.

ಕಾಂಟ್ರಾಕ್ಟರ್: ಮೇನ್ ವಾಲ್ವ್ ಈಗಲೇ ಮುಚ್ಚಿ, ಬೇಕಾದಷ್ಟು ನೀರು ಮೊದಲು ಹಿಡಿದಿಟ್ಕೊಳ್ಳಿ. ಆ ರೂಮಲ್ಲಿ ಯಾರೂ ಮಲಗಬೇಡಿ. ಬೆಳಿಗ್ಗೆ ಪ್ಲಂಬರ್, ಸ್ಟ್ರಕ್ಚರಲ್ ಎಂಜಿನಿಯರ್ ಇಬ್ಬರನ್ನೂ ಕರೆಸಿ, ನೆಲದ ಮಾತು ಆಮೇಲೆ. ಮೀಟರಿನ ಫೋಟೋ ನನಗೆ ಕಳಿಸಿ.