ಡಿಸ್ನಿ ವರ್ಲ್ಡ್‌ನಲ್ಲಿ ನೋಡುವ ಬಾರ್ ಯಾವುದು, ಕೂರುವ ಜಾಗ ಯಾವುದು?

ಪ್ರಶ್ನೆ: ನಮಸ್ಕಾರ ಸರ್. ನೀವು ಫ್ಲೋರಿಡಾ ಟೂರ್‌ಗಳನ್ನು ಕರೆದುಕೊಂಡು ಹೋಗುವವರು ಅಂತ ಈ ಗುಂಪಿನಲ್ಲಿ ಗೊತ್ತಾಯಿತು. ಆಗಸ್ಟ್‌ನಲ್ಲಿ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಹೊರಟಿದ್ದೇವೆ. ನಾಲ್ಕು ದಿನ, ನಾಲ್ಕು ಪಾರ್ಕ್. ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು, ಜೊತೆಗೆ ಅಪ್ಪ ಅಮ್ಮ. ಅಮ್ಮನಿಗೆ ಮಂಡಿ ನೋವು. ಅಲ್ಲಿನ ಥೀಮ್ ಬಾರ್‌ಗಳನ್ನು ನೋಡಬೇಕು ಅಂತ ನಮ್ಮಿಬ್ಬರಿಗೂ ಆಸೆ. ಸ್ಟಾರ್ ವಾರ್ಸ್ ಬಾರ್ ಒಂದಿದೆಯಂತಲ್ಲ, ಮಧ್ಯಾಹ್ನ ಎಲ್ಲರೂ ಅಲ್ಲೇ ಹೋಗಿ ಕೂತು ಸುಧಾರಿಸಿಕೊಳ್ಳಬಹುದಾ?

ಉತ್ತರ: ನಮಸ್ಕಾರ. ಒಳ್ಳೆಯದಾಯಿತು, ಹೊರಡುವ ಮೊದಲೇ ಕೇಳಿದಿರಿ. ಅಲ್ಲಿಗೆ ಹೋಗಿ ಬೇಜಾರು ಮಾಡಿಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ನೀವು ಹೇಳುತ್ತಿರುವುದು ಹಾಲಿವುಡ್ ಸ್ಟುಡಿಯೋಸ್ ಪಾರ್ಕಿನ ಓಗಾಸ್ ಕ್ಯಾಂಟೀನಾ. ನೋಡೋಕೆ ಅದ್ಭುತ. ಮಬ್ಬು ಬೆಳಕು, ಹೊಗೆಯಾಡುವ ಗ್ಲಾಸು, ಮೂಲೆಯಲ್ಲಿ ಹಾಡು ಹಾಕುವ ರೋಬೋಟ್. ಆ ರೋಬೋಟ್ ಮೊದಲು ಡಿಸ್ನಿಯದೇ ಒಂದು ರೈಡಿನಲ್ಲಿ ಪೈಲಟ್ ಆಗಿತ್ತು, ಈಗ ಡಿಜೆ ಕೆಲಸಕ್ಕೆ ಸೇರಿದೆ! ಆದರೆ ಅಲ್ಲಿ ನಿಂತು ಕುಡಿಯುವ ಟೇಬಲ್‌ಗಳೇ ಜಾಸ್ತಿ. ಕೂರುವ ಸೀಟು ಸಿಕ್ಕರೆ ನಿಮ್ಮ ಅದೃಷ್ಟ. ಸುಮಾರು 45 ನಿಮಿಷಕ್ಕೆ ಜಾಗ ಬಿಟ್ಟುಕೊಡಬೇಕು, ಸದ್ದೂ ಜೋರು. ಮಂಡಿ ನೋವಿರುವ ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋದರೆ ನಿಮಗೇ ಬೈಗುಳ.

ನನ್ನ ಪ್ರಯಾಣಿಕರಿಗೆ ನಾನು ಯಾವಾಗಲೂ ಹೇಳುವುದು ಇಷ್ಟೇ: ನೋಡುವ ಬಾರ್ ಬೇರೆ, ಕೂರುವ ಬಾರ್ ಬೇರೆ. ಎರಡನ್ನೂ ಒಂದೇ ಹೊತ್ತಿಗೆ ಹೊಂದಿಸಲು ಹೋಗಬೇಡಿ. ಓಗಾಸ್‌ಗೆ ನೀವಿಬ್ಬರು ಮಗಳನ್ನು ಕರೆದುಕೊಂಡು ಹೋಗಿ. ಮಕ್ಕಳನ್ನು ಒಳಗೆ ಬಿಡುತ್ತಾರೆ, ಅವರಿಗೆ ಮದ್ಯವಿಲ್ಲದ ಬಣ್ಣದ ಡ್ರಿಂಕ್‌ಗಳೂ ಇವೆ. ಟೇಬಲ್ ಬುಕಿಂಗ್ 60 ದಿನ ಮೊದಲೇ ತೆರೆಯುತ್ತದೆ. ಆ ದಿನ ಬೆಳಗ್ಗೆಯೇ ಮಾಡಿಬಿಡಿ. ಅಷ್ಟು ಹೊತ್ತು ಅಪ್ಪ ಅಮ್ಮ ಎಲ್ಲಾದರೂ ಎಸಿ ಇರುವ ಥಿಯೇಟರ್ ಶೋನಲ್ಲಿ ಕೂತಿರಲಿ.

ಪ್ರಶ್ನೆ: ಅಯ್ಯೋ, ಕೇಳಿದ್ದು ಒಳ್ಳೆಯದಾಯಿತು. ಹಾಗಾದರೆ ಕೂರುವ ಬಾರ್ ಯಾವುದು? ಇನ್ನೊಂದು ವಿಷಯ, ಅಪ್ಪನಿಗೆ ಬಾರ್ ಅನ್ನುವ ಹೆಸರು ಕೇಳಿದರೇ ಆಗುವುದಿಲ್ಲ.

ಉತ್ತರ: ಅಪ್ಪನ ಹತ್ತಿರ ಬಾರ್ ಅನ್ನಬೇಡಿ, ಲೌಂಜ್ ಅನ್ನಿ. ಸುಳ್ಳೇನಲ್ಲ, ಬೋರ್ಡಿನ ಮೇಲೆ ಇರುವುದೂ ಅದೇ.

ನನಗೆ ತುಂಬಾ ಇಷ್ಟವಾದದ್ದು ಅನಿಮಲ್ ಕಿಂಗ್‌ಡಮ್ ಪಾರ್ಕಿನ ನೋಮ್ಯಾಡ್ ಲೌಂಜ್. ಊರೂರು ಸುತ್ತುವವರ ತಂಗುಮನೆ ಅನ್ನುವುದು ಅದರ ಕಲ್ಪನೆ. ಮೆತ್ತನೆ ಸೋಫಾ, ತೋಳಿರುವ ಕುರ್ಚಿ, ಹೊರಗೆ ನೀರಿನ ಪಕ್ಕದ ಜಗಲಿ. ಮೇಲೆ ಲಗೇಜ್ ಚೀಟಿಗಳನ್ನು ಸಾಲಾಗಿ ನೇತುಹಾಕಿದ್ದಾರೆ, ಬಂದವರು ತಮ್ಮ ಪ್ರಯಾಣದ ಬಗ್ಗೆ ಕೈಯಲ್ಲಿ ಬರೆದದ್ದು. ಯಾರೂ ಅವಸರ ಮಾಡುವುದಿಲ್ಲ. ಅಪ್ಪ ಒಂದು ಜ್ಯೂಸ್ ಹಿಡಿದು ಆ ಚೀಟಿ ಓದುತ್ತಾ ಕೂತರೆ ಅದು ಬಾರ್ ಅಂತ ಅವರಿಗೆ ಹೊಳೆಯುವುದೂ ಇಲ್ಲ. ನಾಲ್ಕು ಪಾರ್ಕ್‌ಗಳಲ್ಲಿ ಜನ ಬೇಗ ಬಳಲುವುದು ಇಲ್ಲೇ, ಮರಗಿಡ ಜಾಸ್ತಿ ಇರುವುದರಿಂದ ಸೆಕೆಯೂ ಜಾಸ್ತಿ ಅನಿಸುತ್ತದೆ. ಅದಕ್ಕೇ ಈ ಲೌಂಜ್ ಇಲ್ಲಿರುವುದು ಪುಣ್ಯ.

ಎಪ್ಕಾಟ್ ಪಾರ್ಕಿನಲ್ಲಿ ಲೆಕ್ಕವೇ ಬೇರೆ. ಅಲ್ಲಿ ಕೆರೆಯ ಸುತ್ತ 11 ದೇಶಗಳ ಹೆಸರಿನಲ್ಲಿ ಕಟ್ಟಡಗಳಿವೆ, ಪೂರ್ತಿ ಸುತ್ತು ಸುಮಾರು ಎರಡು ಕಿಲೋಮೀಟರ್. ದೇಶಕ್ಕೊಂದು ಡ್ರಿಂಕ್ ಅಂತ ಪಣ ತೊಟ್ಟು ಹೊರಡುವವರಿದ್ದಾರೆ. ಆಗಸ್ಟ್ ಬಿಸಿಲಲ್ಲಿ ದಯವಿಟ್ಟು ಬೇಡ. ಐದನೇ ದೇಶ ದಾಟುವಷ್ಟರಲ್ಲಿ ನೆರಳು ಹುಡುಕುತ್ತಾ ಕೂತವರನ್ನು ಎಬ್ಬಿಸಿ ಕರೆತಂದದ್ದು ನಾನೇ. ಮೆಕ್ಸಿಕೋ ಕಟ್ಟಡ ಹೊರಗಿನಿಂದ ಪಿರಮಿಡ್. ಒಳಗೆ ಹೊತ್ತು ಎಷ್ಟಾಗಿದ್ದರೂ ಮುಸ್ಸಂಜೆ, ತಂಪಾಗಿರುತ್ತದೆ. ಟಕೀಲಾಗೆ ಹೆಸರಾದ ಲಾ ಕಾವಾ ಇರುವುದು ಅಲ್ಲೇ. ಆದರೆ ಅದು ಪುಟ್ಟ ಗುಹೆ, ಸೀಟು ಕಡಿಮೆ, ಕ್ಯೂ ಉದ್ದ. ಅದೂ ನೋಡುವ ಬಾರ್‌ಗಳ ಸಾಲಿಗೇ ಸೇರಿದ್ದು. ಕೂರಬೇಕೆಂದರೆ ಅಮೆರಿಕ ಕಟ್ಟಡದೊಳಗಿನ ನಾಟಕದಂಥ ಶೋಗೆ ಹೋಗಿ. ಸುಮಾರು ಅರ್ಧ ಗಂಟೆ, ದೊಡ್ಡ ಥಿಯೇಟರ್, ಒಳ್ಳೆ ಎಸಿ. ಅಮೆರಿಕದ ಇತಿಹಾಸದಲ್ಲಿ ನಿಮಗೆ ಆಸಕ್ತಿ ಇಲ್ಲದಿದ್ದರೆ ಇನ್ನೂ ಒಳ್ಳೆಯದು, ಸೊಗಸಾಗಿ ನಿದ್ದೆ ಬರುತ್ತದೆ.

ಇನ್ನೊಬ್ಬರ ಪ್ರಶ್ನೆ: ನಡುವೆ ಬಂದೆ, ಕ್ಷಮಿಸಿ. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಮದ್ಯವೇ ಸಿಗುವುದಿಲ್ಲ ಅಂತ ಕೇಳಿದ್ದೆ. ನಿಜವಾ?

ಉತ್ತರ: ಹಿಂದೆ ನಿಜ. 1971ರಲ್ಲಿ ಪಾರ್ಕ್ ತೆರೆದಾಗಿನಿಂದ 2012ರವರೆಗೆ ಒಳಗೆ ಮಾರಾಟವೇ ಇರಲಿಲ್ಲ. ಆ ವರ್ಷ ಒಂದು ರೆಸ್ಟೋರೆಂಟ್‌ನಲ್ಲಿ ರಾತ್ರಿ ಊಟದ ಜೊತೆ ವೈನ್, ಬಿಯರ್ ಶುರುವಾಯಿತು. ಆಮೇಲೆ ಟೇಬಲ್‌ಗೆ ಬಡಿಸುವ ಉಳಿದ ರೆಸ್ಟೋರೆಂಟ್‌ಗಳಿಗೂ ಬಂತು. 2025ರಲ್ಲಿ ಕಡಲ್ಗಳ್ಳರ ಥೀಮಿನ ಬೀಕ್ ಅಂಡ್ ಬ್ಯಾರಲ್ ಅನ್ನುವ ಹೋಟೆಲೊಂದು ತೆರೆಯಿತು. ಈ ಪಾರ್ಕಿಗೆ ಬಾರ್ ಅನ್ನಬಹುದಾದ ಜಾಗ ಬಂದದ್ದು ಹಾಗೆ. ಆದರೆ ಎಪ್ಕಾಟ್ ಥರ ಗ್ಲಾಸು ಕೈಯಲ್ಲಿ ಹಿಡಿದು ತಿರುಗಲು ಇಲ್ಲಿ ಆಗುವುದಿಲ್ಲ.

ಈ ಪಾರ್ಕಿನಿಂದ ನಾನು ಜನರನ್ನು ಹೊರಗೇ ಕರೆದುಕೊಂಡು ಹೋಗುತ್ತೇನೆ. ಬಾಗಿಲಲ್ಲೇ ಮಾನೋರೈಲ್ ಇದೆ, ಟಿಕೆಟ್ ಬೇಕಿಲ್ಲ. ಪಾಲಿನೇಷಿಯನ್ ರೆಸಾರ್ಟ್‌ನಲ್ಲಿ ಇಳಿದರೆ ಟ್ರೇಡರ್ ಸ್ಯಾಮ್ಸ್. ದ್ವೀಪದ ಗುಡಿಸಲಿನಂಥ ಬಾರ್. ಕೆಲವು ಡ್ರಿಂಕ್ ಆರ್ಡರ್ ಮಾಡಿದರೆ ಸಿಬ್ಬಂದಿಯೆಲ್ಲ ಸೇರಿ ಕೂಗೆಬ್ಬಿಸುತ್ತಾರೆ, ಮೊದಲ ಸಲ ಹೋದವರು ಬೆಚ್ಚಿಬೀಳುವುದು ಗ್ಯಾರಂಟಿ. ರಾತ್ರಿ 8ರ ಮೇಲೆ ಮಕ್ಕಳಿಗೆ ಪ್ರವೇಶವಿಲ್ಲ. ಒಳಗೆ ಜಾಗ ಸಿಗದಿದ್ದರೆ ಚಿಂತೆ ಬೇಡ, ಹೊರಗಿನ ಟೆರೇಸ್‌ನಲ್ಲಿ ಗಾಳಿಗೆ ಕೂರಬಹುದು. ದೊಡ್ಡವರಿಗೆ ಅದೂ ಬೇಡವೆಂದರೆ ಗ್ರ್ಯಾಂಡ್ ಫ್ಲೋರಿಡಿಯನ್ ರೆಸಾರ್ಟ್‌ನಲ್ಲಿ ಇಳಿಯಿರಿ. ಅಲ್ಲಿನ ಲಾಬಿಯಲ್ಲಿ ಸುಮ್ನೆ ಕೂತಿದ್ದರೂ ಯಾರೂ ಏನೂ ಕೇಳುವುದಿಲ್ಲ. ಎಷ್ಟೋ ಸಲ ಪಿಯಾನೋ ಬೇರೆ ನುಡಿಸುತ್ತಿರುತ್ತಾರೆ. ನನ್ನ ಮಟ್ಟಿಗೆ ಇಡೀ ಡಿಸ್ನಿ ವರ್ಲ್ಡ್‌ನಲ್ಲಿ ಅದೇ ಒಳ್ಳೆ ಸೀಟು, ಅದೂ ಪುಕ್ಕಟೆ.

ಮೊದಲ ಪ್ರಶ್ನೆ ಕೇಳಿದವರು: ಅಮ್ಮ ಅಷ್ಟು ದೂರ ಬರಲಾರೆ ಅಂದರೆ ಮ್ಯಾಜಿಕ್ ಕಿಂಗ್‌ಡಮ್ ಒಳಗೇ ಏನು ಮಾಡುವುದು?

ಉತ್ತರ: ಕ್ಯಾರೊಸೆಲ್ ಆಫ್ ಪ್ರೋಗ್ರೆಸ್. 1964ರ ನ್ಯೂಯಾರ್ಕ್ ವಿಶ್ವ ಮೇಳಕ್ಕೆ ಮಾಡಿದ ಶೋ ಅದು, 1975ರಿಂದ ಇಲ್ಲಿದೆ. ವೇದಿಕೆ ನಿಂತಲ್ಲೇ ಇರುತ್ತದೆ, ಪ್ರೇಕ್ಷಕರು ಕೂತ ಥಿಯೇಟರೇ ತಿರುಗುತ್ತದೆ. ಇಪ್ಪತ್ತು ನಿಮಿಷದ ಮೇಲೆ ಕಾಲು ಚಾಚಿ ಕೂರಬಹುದು. ದುರಸ್ತಿಗೆ ಬಂದ್ ಮಾಡಿದ್ದಾರಾ ಅಂತ ಹೋಗುವ ಮುಂಚೆ ಡಿಸ್ನಿಯ ಆ್ಯಪ್‌ನಲ್ಲಿ ಒಮ್ಮೆ ನೋಡಿ.

ಅದರ ಹತ್ತಿರವೇ ಪೀಪಲ್‌ಮೂವರ್ ಇದೆ. ಮೇಲಿನ ಹಳಿಯಲ್ಲಿ ಹತ್ತು ನಿಮಿಷ ನಿಧಾನವಾಗಿ ಸುತ್ತುವ ಗಾಡಿ. ಎಲ್ಲರೂ ಇದು ವಿಶ್ರಾಂತಿಗೆ ಒಳ್ಳೆಯದು ಅನ್ನುತ್ತಾರೆ. ಆದರೆ ಗಾಡಿಯೂ ನಿಲ್ಲುವುದಿಲ್ಲ, ಹತ್ತುವ ಕಟ್ಟೆಯೂ ಚಲಿಸುತ್ತಲೇ ಇರುತ್ತದೆ. ಅಮ್ಮನ ಮಂಡಿಗೆ ಅದು ಬೇಡ.

ನಿಜವಾಗಿಯೂ ಸುಸ್ತಾದರೆ ನಾಚಿಕೆ ಬಿಟ್ಟು ಫಸ್ಟ್ ಏಡ್‌ಗೆ ಹೋಗಿ. ಪ್ರತಿ ಪಾರ್ಕಿನಲ್ಲೂ ಇದೆ, ಮಲಗಲು ಮಂಚವಿದೆ. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಹೋಟೆಲ್ ಪಕ್ಕ. ಹಾಲೂಡಿಸುವ ತಾಯಂದಿರಿಗೆ ಬೇಬಿ ಕೇರ್ ಕೇಂದ್ರವೂ ಅಲ್ಲೇ.

ಇನ್ನೊಬ್ಬರ ಪ್ರಶ್ನೆ: ಸರ್, ಐಡಿ ಕೇಳುತ್ತಾರಾ? ನನಗೆ 52 ವರ್ಷ, ತಲೆ ಪೂರ್ತಿ ಬೆಳ್ಳಗಾಗಿದೆ.

ಉತ್ತರ: ಕೇಳಬಹುದು! ಅಲ್ಲಿ ಕಾನೂನಿನ ಪ್ರಕಾರ 21 ತುಂಬಿರಬೇಕು. ಕೂದಲಿನ ಬಣ್ಣ ಲೆಕ್ಕಕ್ಕಿಲ್ಲ. ಮೂಲ ಪಾಸ್‌ಪೋರ್ಟ್ ಇಟ್ಟುಕೊಳ್ಳಿ, ಫೋನಿನಲ್ಲಿರುವ ಫೋಟೋ ನಡೆಯುವುದಿಲ್ಲ ಅಂದುಕೊಂಡೇ ಹೊರಡಿ. ಮೆನುವಿನ ಬೆಲೆಯಲ್ಲಿ ತೆರಿಗೆ ಸೇರಿರುವುದಿಲ್ಲ, ಟೇಬಲ್‌ಗೆ ತಂದುಕೊಟ್ಟವರಿಗೆ ಶೇ. 18–20 ಟಿಪ್ ಕೊಡುವುದು ಅಲ್ಲಿನ ರೂಢಿ. 15 ಡಾಲರ್‌ನ ಡ್ರಿಂಕ್ ಕೈಗೆ ಬರುವಷ್ಟರಲ್ಲಿ 19ರ ಹತ್ತಿರ ಆಗುತ್ತದೆ. ಹೊರಗಿನಿಂದ ಮದ್ಯ ತರುವಂತಿಲ್ಲ. ಊಟ, ತಿಂಡಿ, ನೀರು ತರಬಹುದು, ಗಾಜಿನ ಬಾಟಲಿ ಮಾತ್ರ ಬೇಡ.

ಮೊದಲ ಪ್ರಶ್ನೆ ಕೇಳಿದವರು: ಕೊನೆಯದು. ದಿನದಲ್ಲಿ ಯಾವ ಹೊತ್ತಿಗೆ ಕೂರಬೇಕು?

ಉತ್ತರ: ಮಧ್ಯಾಹ್ನ ಒಂದೂವರೆಯಿಂದ ನಾಲ್ಕು. ಆಗಸ್ಟ್‌ನಲ್ಲಿ ಆ ಹೊತ್ತಿಗೆ ಗುಡುಗು ಮಳೆ ಬರುವುದು ಮಾಮೂಲು. ಮೊದಲ ಹನಿ ಬಿದ್ದ ಮೇಲೆ ಎದ್ದರೆ ಎಲ್ಲ ಸೀಟೂ ಭರ್ತಿ. ಮೋಡ ಕಂಡ ಕೂಡಲೇ ಒಳಗೆ ಸೇರಿಕೊಳ್ಳಿ. ನಿಮ್ಮಿಬ್ಬರ ಡ್ರಿಂಕ್ ಸಂಜೆಗೆ ಇಟ್ಟುಕೊಳ್ಳಿ. ಮಧ್ಯಾಹ್ನ ಬರೀ ನೀರು ಕುಡಿಯಿರಿ. ತಂಪು ಪಾನೀಯ ಮಾರುವ ಕೌಂಟರ್‌ನಲ್ಲಿ ನೀರು ಕೇಳಿದರೆ ಐಸ್ ಹಾಕಿ ಪುಕ್ಕಟೆ ಕೊಡುತ್ತಾರೆ.

ಅಮ್ಮನಿಗೆ ಮೊದಲ ದಿನದಿಂದಲೇ ವೀಲ್‌ಚೇರ್ ಬಾಡಿಗೆಗೆ ತಗೊಳ್ಳಿ, ಪಾರ್ಕಿನ ಬಾಗಿಲಲ್ಲೇ ಸಿಗುತ್ತದೆ. ಬೇಡ ಅನ್ನುತ್ತಾರೆ, ನನಗೆ ಗೊತ್ತು. ಮೊಮ್ಮಗಳ ಬ್ಯಾಗ್ ಇಡೋಕೆ ಅಂತ ಹೇಳಿ ತಗೊಳ್ಳಿ. ಹನ್ನೊಂದು ಗಂಟೆಯೊಳಗೆ ಬ್ಯಾಗ್ ಅವರ ತೊಡೆಯ ಮೇಲಿರುತ್ತದೆ.