ತಲೆ ಮಾತ್ರ ಮುಳುಗಿಸ್ಬೇಡ ಪುಟ್ಟೀ

ಹಲೋ... ಹಾಂ, ಸೆಕೆಂಡು ಓಡ್ತಾ ಉಂಟು, ರೆಕಾರ್ಡ್ ಆಗ್ತಾ ಉಂಟು. ಪುಟ್ಟೀ, ನಿನ್ನ ಮೆಸೇಜು ಈಗ ನೋಡಿದೆ. ಮೇ ತಿಂಗಳಲ್ಲಿ ಮಕ್ಕಳನ್ನು ಕಟ್ಟಿಕೊಂಡು ನ್ಯೂಜಿಲೆಂಡಿಗೆ ಹೋಗುದು, ಹ್ಯಾಮಿಲ್ಟನ್ನಿನಲ್ಲಿ ನಮ್ಮ ಮಗಳ ಮನೇಲಿ ಇಳಿದು ಅಲ್ಲಿಂದ ಬಿಸಿನೀರಿನ ಬುಗ್ಗೆಗಳ ಊರು ರೊಟೊರುವಾ ನೋಡುದು, ಆದ್ರೆ ಊರಿಡೀ ಗಂಧಕದ ವಾಸನೆಯಂತೆ, ಚಿಕ್ಕವನಿಗೆ ವೀಜಿಂಗ್ ಉಂಟು, ಹೋಗ್ಬಹುದಾ ಬೇಡ್ವಾ ಅಂತ ಅಲ್ವಾ ಕೇಳಿದ್ದು? ಬೆಳಿಗ್ಗೆಯಿಂದ ಗ್ರೂಪಿನಲ್ಲಿ ಎಲ್ಲರೂ ಬರೇ ಕೈ ಮುಗಿಯುವ ಚಿತ್ರ ಹಾಕಿದ್ದಾರೆ. ಹೋಗಿ ಬಂದದ್ದು ನಾವಿಬ್ಬರೇ, ನಿನ್ನ ದೊಡ್ಡಪ್ಪ ಅಂತೂ ಟೈಪ್ ಮಾಡುವವರಲ್ಲ. ಹಾಗಾಗಿ ನಾನೇ ಹೇಳ್ತೇನೆ.

ಹೋಗು. ಯಾಕೆ ಹೋಗ್ಬಾರ್ದು? ಆದ್ರೆ ಮಕ್ಕಳ ತಲೆ ಮಾತ್ರ ಆ ಬಿಸಿನೀರಿನಲ್ಲಿ ಮುಳುಗಿಸ್ಬೇಡ. ಕುತ್ತಿಗೆವರೆಗೆ ಸಾಕು. ಕೇಳಿತಾ?

ಯಾಕೆ ಹೇಳುದು ಅಂದ್ರೆ, ನಾವು ಹೋದಾಗ ಎಂತ ಆಯ್ತು ಅಂತ ನಿಮಗೆ ಯಾರಿಗೂ ಸರಿಯಾಗಿ ಗೊತ್ತಿಲ್ಲ. ರೊಟೊರುವಾದಿಂದ ಟೌಪೋಗೆ ಹೋಗುವ ದಾರಿಯಲ್ಲಿ ಕಾಡಿನ ಒಳಗೆ ಒಂದು ಮಣ್ಣು ರಸ್ತೆ ತಿರುಗ್ತದೆ. ಅಲ್ಲಿ ಒಂದು ತೋಡು, ಕೆರೋಸಿನ್ ಕ್ರೀಕ್ ಅಂತ ಹೆಸರು. ತೋಡಿಗೆ ತೋಡೇ ಬಿಸಿನೀರು! ಮಧ್ಯದಲ್ಲಿ ಒಂದು ಸಣ್ಣ ಅಬ್ಬಿ ಸಾ ಉಂಟು. ಟಿಕೇಟಿಲ್ಲ. ಟಿಕೇಟಿಲ್ಲ ಅಂದ್ರೆ ನಿನ್ನ ದೊಡ್ಡಪ್ಪನಿಗೆ ಎಷ್ಟು ಖುಷಿ ಅಂತ ನಿಮಗೆ ಗೊತ್ತೇ ಉಂಟಲ್ಲ. ಅಳಿಯನ ಚಡ್ಡಿ ಹಾಕಿ, ಹೆಗಲ ಮೇಲೆ ಬೈರಾಸು, ಸೀದಾ ಇಳಿದರು. "ಇದು ನಮ್ಮ ಇರ್ದೆಯ ಬೆಂದ್ರ್ ತೀರ್ಥದ ದೊಡ್ಡಣ್ಣ" ಅಂತ ಬೇರೆ, ನಮ್ಮ ಪುತ್ತೂರಿನ ಹತ್ತಿರದ ಆ ಬಿಸಿನೀರಿನ ಬುಗ್ಗೆ. ಅಲ್ಲಿ ಮರಕ್ಕೆ ತಾಗಿ ಬೋರ್ಡು ಉಂಟು, ತಲೆ ನೀರಿನ ಮೇಲೆಯೇ ಇರ್ಲಿ ಅಂತ ದೊಡ್ಡದಾಗಿ ಬರೆದಿದ್ದಾರೆ. ನಾನು ಓದಿ ಹೇಳಿದೆ. "ಅದು ಈಜು ಬಾರದವರಿಗೆ" ಅಂದರು. ಸಂಕಲ್ಪ ಹೇಳಿ, ಗಂಗೇ ಚ ಯಮುನೇ ಚೈವ ಹೇಳಿ, ಎರಡು ಬೆರಳಲ್ಲಿ ಮೂಗು ಹಿಡಿದು ಬುಳುಂಕ್ ಅಂತ ಮುಳುಗಿದರು.

ಇವರು ಮೂಗು ಹಿಡಿದುಕೊಂಡರು ಮಾರಾಯ್ತಿ, ಪಾಪುಗೆ ಎಂತ ಗೊತ್ತು? ಅಜ್ಜ ಮಾಡಿದ್ದನ್ನು ಅವಳೂ ಮಾಡಿದಳು. ಕಣ್ಣು ಗಟ್ಟಿ ಮುಚ್ಚಿದಳು, ಮೂಗು ಬಿಟ್ಟೇ ಮುಳುಗಿದಳು. ಮೇಲೆ ಬಂದಾಗ ಮೂಗಿನ ಎರಡೂ ಹೊಳ್ಳೆಯಿಂದ ನೀರು, ಕೆಮ್ಮು, ಮುಖ ಕೆಂಪು ಕೆಂಪು. ಆಚೆ ಕೂತಿದ್ದ ಆ ಊರಿನ ಹೆಂಗಸೊಬ್ಬಳು ಬೊಬ್ಬೆ ಹೊಡೆದು ಓಡಿ ಬಂದು ಮಗುವನ್ನು ಎತ್ತಿ ದಡದಲ್ಲಿ ಕೂರಿಸಿದಳು, ದೊಡ್ಡಪ್ಪನಿಗೆ ಬೋರ್ಡು ತೋರಿಸಿ ಎಂತೆಂತದೋ ಹೇಳಿದಳು. ನಮ್ಮವಳ ಮುಖ ನೋಡ್ಬೇಕಿತ್ತು, ಬಿಳಿಚಿ ಹೋಗಿತ್ತು.

ಆ ನೀರಿನಲ್ಲಿ ಅಮೀಬಾ ಅಂತ ಒಂದು ಕಣ್ಣಿಗೆ ಕಾಣದ ಜೀವಿ ಇರ್ತದಂತೆ. ಬಾಯಿಯಿಂದ ಹೋದ್ರೆ ಎಂತ ಇಲ್ಲ, ಮೂಗಿನಿಂದ ಹೋದ್ರೆ ಸೀದಾ ಮಿದುಳಿಗೆ. ಮತ್ತೆ ಉಳಿಯುವವರು ಅಪರೂಪ. ನಮ್ಮ ಕೇರಳದಲ್ಲಿ 2024ರಲ್ಲಿ ಮಕ್ಕಳು ಹೋದರಲ್ಲ, ಟಿವಿಯಲ್ಲಿ ಬಂತಲ್ಲ, ಅದೇ. ತುಂಬ ಅಪರೂಪ ಅಂತ ಅಲ್ಲಿಯ ಡಾಕ್ಟರು ಧೈರ್ಯ ಹೇಳಿದರು, ಆದ್ರೆ ಜ್ವರ, ತಲೆನೋವು, ವಾಂತಿ ಬಂದ್ರೆ ಒಂದು ಗಳಿಗೆ ಕಾಯ್ಬೇಡಿ ಅಂತ ಸಾ ಹೇಳಿದರು. ಮತ್ತೆ ನಮಗೆ ನಿದ್ದೆ ಎಲ್ಲಿ? ರಾತ್ರಿ ಎದ್ದೆದ್ದು ಅವಳ ಹಣೆ ಮುಟ್ಟಿ ನೋಡುದು. ಪುತ್ತೂರು ಮಹಾಲಿಂಗೇಶ್ವರನಿಗೆ ಹೇಳಿಕೊಂಡೆ. ಎಂತ ಆಗ್ಲಿಲ್ಲ, ದೇವರು ದೊಡ್ಡವನು. ದೊಡ್ಡಪ್ಪ ಈಗ್ಲೂ ಒಪ್ಪುದಿಲ್ಲ, "ತೀರ್ಥದಲ್ಲಿ ಮುಳುಗದೆ ಬರ್ಲಿಕ್ಕೆ ಆಗ್ತದಾ" ಅಂತ ವಾದ. ಇಲ್ಲೇ ಕೂತು ಕೇಳ್ತಾ ಇದ್ದಾರೆ, ಕೇಳ್ಲಿ.

ಹಾಗಾಗಿ ಮತ್ತೆ ಹೇಳ್ತೇನೆ, ತಲೆ ಮುಳುಗಿಸ್ಬೇಡ. ನಿನ್ನ ಗಂಡನಿಗೂ ಹೇಳು, ಅವನಿಗೆ ಮಕ್ಕಳನ್ನು ನೀರಿಗೆ ಎತ್ತಿ ಬಿಸಾಡುವ ಅಭ್ಯಾಸ ಉಂಟು, ಮಲ್ಪೆಯಲ್ಲಿ ನೋಡಿದ್ದೇನೆ.

ಮತ್ತೆ ವೈ-ಓ-ಟಾಪು ಅಂತ ಬಿಸಿನೀರಿನ ಹೊಂಡಗಳ ಪಾರ್ಕಿಗೆ ಹೋಗ್ತೀರಲ್ಲ, ಅಲ್ಲಿ ಲೇಡಿ ನಾಕ್ಸ್ ಅಂತ ಬಿಸಿನೀರಿನ ಬುಗ್ಗೆ ಉಂಟು. ದಿನಾ ಬೆಳಿಗ್ಗೆ 10.15ಕ್ಕೆ ಹಾರ್ತದೆ. ಅದು ತನ್ನಷ್ಟಕ್ಕೆ ಹಾರುದಲ್ಲ, ಒಬ್ಬ ಬಂದು ಅದರ ಬಾಯಿಗೆ ಸೋಪು ಹಾಕ್ತಾನೆ, ಸ್ವಲ್ಪ ನೊರೆ ಬಂದು ಮತ್ತೆ ಬುಸ್ ಅಂತ ಮೇಲೆ. ಮಕ್ಕಳಿಗೆ ಖುಷಿ ಆಗ್ತದೆ.

ಸೋಪು ಅಂದಾಗ ನೆನಪಾಯ್ತು. ನಾನು ರೊಟೊರುವಾದಿಂದ ಈ ಗ್ರೂಪಿನಲ್ಲಿ ಇರುವ ಒಬ್ಬೊಬ್ಬರಿಗೂ ಕೆಸರಿನ ಸೋಪು ತಂದಿದ್ದೆ. ಅಲ್ಲಿಯ ಡಾಲರ್ ಲೆಕ್ಕದಲ್ಲಿ ಅದಕ್ಕೆ ಎಷ್ಟು ಅಂತ ನಾನು ಹೇಳುದಿಲ್ಲ. ಬ್ಯಾಗಿನ ತೂಕ ಹೆಚ್ಚಾಯ್ತು ಅಂತ ನನ್ನ ಎರಡು ಸೀರೆ ಅಲ್ಲೇ ಬಿಟ್ಟು ಬಂದೆ. ಒಬ್ಬರು, ಹೆಸರು ಬೇಡ, "ಮಣ್ಣು ತರ್ಲಿಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ ಅತ್ತಿಗೆ, ನಮ್ಮ ಗದ್ದೆಯಲ್ಲಿ ಇರ್ಲಿಲ್ವಾ" ಅಂತ ನಗಾಡಿದ್ದು ನನಗೆ ಇನ್ನೂ ಕಿವಿಯಲ್ಲಿ ಉಂಟು. ಸರಿ, ನಗಾಡ್ಲಿ. ಆದ್ರೆ ಮೊನ್ನೆ ಸೀಮಂತಕ್ಕೆ ಹೋದಾಗ ನನಗೆ ಕೊಟ್ಟ ಚೀಲದಲ್ಲಿ, ರವಿಕೆ ಕಣದ ಅಡಿಯಲ್ಲಿ ಎಂತ ಇತ್ತು? ಅದೇ ಸೋಪು! ನಾನೇ ಮೇಲೆ ಪೆನ್ನಿನಲ್ಲಿ ಬರೆದ ಹೆಸರು ಸಾ ಹಾಗೇ ಉಂಟು. ಮನೆಗೆ ಬಂದು ದೊಡ್ಡಪ್ಪನಿಗೆ ತೋರಿಸಿದೆ. ಈಗ ಅವರೇ ಅದರಲ್ಲಿ ಸ್ನಾನ ಮಾಡ್ತಾ ಇದ್ದಾರೆ. ಪುಟ್ಟೀ, ನೀನು ಯಾರಿಗೂ ಎಂತದೂ ತರ್ಬೇಡ.

ಅಯ್ಯೋ, ನೀನು ಕೇಳಿದ್ದು ವಾಸನೆ ಅಲ್ವಾ, ವೀಜಿಂಗ್!

ಕೇಳು. ವಾಸನೆ ಉಂಟು, ಕೊಳೆತ ಮೊಟ್ಟೆಯದ್ದೇ, ಊರು ಮುಟ್ಟುವ ಮೊದಲೇ ಕಾರಿನ ಒಳಗೆ ಬರ್ತದೆ. ಮೊದಲ ದಿನ ನನಗೆ ಊಟ ಸೇರ್ಲಿಲ್ಲ, ಮತ್ತೆ ಅಭ್ಯಾಸ ಆಯ್ತು. ಆ ಊರಿನವರ ಮೇಲೆ ಅಧ್ಯಯನ ಮಾಡಿದ್ದಾರಂತೆ, ಅಸ್ತಮಾ ಹೆಚ್ಚಾದದ್ದು ಕಾಣ್ಲಿಲ್ಲ ಅಂತ ಅಳಿಯ ಹೇಳಿದ. ಆದ್ರೆ ಅವರು ದೊಡ್ಡವರು, ನಿನ್ನವ ಸಣ್ಣವ. ನಿಮ್ಮ ಮಕ್ಕಳ ಡಾಕ್ಟರನ್ನು ಕೇಳಿಯೇ ಹೊರಡು. ಉಸಿರಿಗೆ ಎಳೆಯುವ ಪಂಪು, ಅದಕ್ಕೆ ಸಿಕ್ಕಿಸುವ ಸ್ಪೇಸರ್ ಎರಡೂ ಕೈಚೀಲದಲ್ಲಿ ಇರ್ಲಿ, ದೊಡ್ಡ ಬ್ಯಾಗಿಗೆ ಹಾಕ್ಬೇಡ, ಡಾಕ್ಟರರ ಚೀಟಿ ಸಾ ಜೊತೆಗೆ. ಹೊಗೆ ಏಳುವ ಕಡೆ ಫೋಟೋಕ್ಕೆ ಅಂತ ಅವನನ್ನು ನಿಲ್ಲಿಸ್ಬೇಡ. ಮೇ ತಿಂಗಳೆಂದ್ರೆ ಅಲ್ಲಿ ಚಳಿ ಶುರು, ಬೆಳಿಗ್ಗೆ ಹೊಗೆ ದಪ್ಪ ಇರ್ತದೆ. ಆ ವಾಸನೆಯ ಗ್ಯಾಸು ಗಾಳಿಗಿಂತ ಭಾರ, ಕೆಳಗೆ ತಗ್ಗಿನಲ್ಲಿ ನಿಲ್ತದೆ, ಮಕ್ಕಳ ಮೂಗಿನ ಎತ್ತರಕ್ಕೇ. ರೂಮಿನ ಕಿಟಕಿ ಚಳಿ ಅಂತ ಪೂರ್ತಿ ಮುಚ್ಚಿ ಮಲಗ್ಬೇಡಿ, ಹಿಂದೆ ಆ ಊರಿನ ಮೋಟೆಲ್ ರೂಮಿನಲ್ಲಿ ಇದೇ ಗ್ಯಾಸಿನಿಂದ ಜನ ಸತ್ತದ್ದೂ ಉಂಟು. ರೂಮಿನಲ್ಲಿ ವಾಸನೆ ಜೋರು ಅನಿಸಿದ್ರೆ ಬೇರೆ ರೂಮು ಕೇಳು, ನಾಚಿಕೆ ಮಾಡ್ಬೇಡ. ಜೋರಾಗಿದ್ದ ವಾಸನೆ ಫಕ್ಕನೆ ನಿಂತ್ರೆ ಗ್ಯಾಸು ಹೋಯ್ತು ಅಂತ ಅಲ್ಲ, ತುಂಬ ಹೆಚ್ಚಾದ್ರೆ ಮೂಗಿಗೇ ಗೊತ್ತಾಗುದಿಲ್ಲ. ಎಲ್ಲರೂ ಹೊರಗೆ ಬನ್ನಿ.

ಬಿಸಿ ಹೊಂಡದ ಬೇಲಿ ದಾಟುವ ಮಾತೇ ಇಲ್ಲ. ಊರ ಮಧ್ಯದ ಕುಯಿರೌ ಪಾರ್ಕಿನಲ್ಲಿ ಕಾಲು ಅದ್ದಿ ಕೂರ್ಲಿಕ್ಕೆ ಪುಕ್ಕಟೆ ಜಾಗ ಉಂಟು, ಮಕ್ಕಳಿಗೆ ಅದೇ ಚಂದ. ಆದ್ರೆ 2001ರಲ್ಲಿ ಅದೇ ಪಾರ್ಕಿನಲ್ಲಿ ನೆಲ ಒಡೆದು ಕೆಸರು, ಕಲ್ಲು ಮೇಲೆ ಹಾರಿತ್ತು. ಸಣ್ಣವನ ಕೈ ಬಿಡ್ಬೇಡ. ಸುಟ್ಟುಕೊಂಡ್ರೆ ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರು, ಅಲ್ಲಿಯ ತುರ್ತು ನಂಬರ್ 111ಕ್ಕೆ ಫೋನು. ಕಾರಿಗೆ ಮಕ್ಕಳ ಸೀಟು ಈಗಲೇ ಹೇಳಿಡು, ಏಳು ವರ್ಷ ತುಂಬುವವರೆಗೆ ಅಲ್ಲಿ ಕಡ್ಡಾಯ. ಬೆಳ್ಳಿ ಉಡಿದಾರ, ಗೆಜ್ಜೆ ಎಲ್ಲ ಬಿಚ್ಚಿಟ್ಟು ಹೋಗು, ಪಾಪುವಿನ ಗೆಜ್ಜೆ ಒಂದೇ ದಿನಕ್ಕೆ ಕಾಡಿಗೆ ಬಣ್ಣ ಆಗಿತ್ತು, ವಿಭೂತಿ ಹಾಕಿ ಉಜ್ಜಿ ಉಜ್ಜಿ ನನ್ನ ಕೈ ನೋವು.

ಹಾಂ, ಹೊರಡುವ ಮೊದಲು ಮನೆಗೆ ಬಾ. ನಮ್ಮವಳಿಗೆ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಕಳಿಸ್ಲಿಕ್ಕೆ ಉಂಟು. ಏರ್‌ಪೋರ್ಟಿನಲ್ಲಿ ಇಳಿದಾಗ ಬ್ಯಾಗಿನಲ್ಲಿ ತಿಂಡಿ ಉಂಟು ಅಂತ ಬರೆದು ತೋರಿಸು, ಬರೆಯದೆ ಸಿಕ್ಕಿಬಿದ್ರೆ 400 ಡಾಲರ್ ದಂಡ. ಹಪ್ಪಳ ಜಾಸ್ತಿ ಇಲ್ಲ, ಎರಡೇ ಕಟ್ಟು. ದೊಡ್ಡಪ್ಪ ಮೂರು ಅಂತಿದ್ದಾರೆ. ಸರಿ, ಮೂರು.