ಅಪ್‌ಡೇಟ್: ಎಲೆಕ್ಟ್ರಿಕ್ ಸೈಕಲ್ ಹ್ಯಾಂಡಲ್ ಎತ್ತರ ಮಾಡಿಸಿದೆ

ಹ್ಯಾಂಡಲ್ ತಗ್ಗಾಗಿ ಅಂಗೈ ಜೋಮು ಹಿಡಿಯುತ್ತದೆ, ಕತ್ತು ನೋಯುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ? ಕೆಲಸ ಮುಗಿಯಿತು.

ನನ್ನದು ಥ್ರೆಡ್‌ಲೆಸ್ ಸ್ಟೆಮ್, ಅಂದರೆ ಹ್ಯಾಂಡಲ್ ಹಿಡಿದಿರುವ ತುಂಡು (ಸ್ಟೆಮ್) ಫೋರ್ಕ್ ಕೊಳವೆಯನ್ನು ಹೊರಗಿನಿಂದ ಬಿಗಿದುಕೊಂಡಿರುತ್ತದೆ. ಹಳೇ ಸೈಕಲ್ ಥರ ಬೋಲ್ಟ್ ಸಡಿಲಿಸಿ ಸುಮ್ನೆ ಮೇಲಕ್ಕೆ ಎಳೆಯಲು ಆಗುವುದಿಲ್ಲ. ಹಾಗಾಗಿ 28.6 ಮಿ.ಮೀ. ಫೋರ್ಕ್ ಕೊಳವೆಗೆ ಕೂರುವ ಸ್ಟೆಮ್ ರೈಸರ್ (ಸ್ಟೆಮ್ ಎತ್ತರಿಸುವ ಹೆಚ್ಚುವರಿ ತುಂಡು) ಹಾಕಿಸಿದೆ.

ನಿಜವಾದ ತಲೆನೋವು ವೈರುಗಳದ್ದು. ಹ್ಯಾಂಡಲ್ ಮೇಲೇರಿದರೂ ಗೇರ್ ಕೇಬಲ್ ಉದ್ದ ಸಾಕಾಯಿತು. ಆದರೆ ಬ್ರೇಕ್ ಹಿಡಿದಾಗ ಮೋಟಾರ್ ನಿಲ್ಲಿಸುವ ತೆಳು ವೈರು ಇದೆಯಲ್ಲ, ಹ್ಯಾಂಡಲ್ ಪೂರ್ತಿ ತಿರುಗಿಸಿದರೆ ಅದು ತಂತಿ ಬಿಗಿದ ಹಾಗೆ ಎಳೆಯುತ್ತಿತ್ತು. ಪ್ಲಾಸ್ಟಿಕ್ ಟೈ ಕತ್ತರಿಸಿ, ಸ್ವಲ್ಪ ಸಡಿಲ ಬಿಟ್ಟು ಮತ್ತೆ ಕಟ್ಟಿದ ಮೇಲೆ ಸರಿಹೋಯಿತು.

ಜೋಡಿಸುವಾಗ ಮೊದಲು ಮೇಲಿನ ಕ್ಯಾಪ್ ಬೋಲ್ಟ್, ಆಮೇಲೆ ಪಕ್ಕದವು. ಇಲ್ಲದಿದ್ದರೆ ಹೆಡ್‌ಸೆಟ್ (ಫೋರ್ಕ್ ತಿರುಗುವ ಜಾಗದ ಬೇರಿಂಗ್) ಅಲುಗಾಡುತ್ತದೆ.

ಅಂಗೈ ಈಗ ಆರಾಮ. ಆದರೆ ಭಾರ ಸೀಟಿನ ಮೇಲೆ ಜಾಸ್ತಿ ಬೀಳುತ್ತಿದೆ. ಅಗಲದ ಸೀಟು ಯಾರಾದರೂ ಬಳಸಿದ್ದೀರಾ?